ಎಕೋ ಇದ್ಯಾ ಸಾರ್?

ಮೈಕ್ ಕೊಳ್ಳಲು ಬಂದವರು ಅದಕ್ಕೆ ‘ಉಫ್’ ಎಂದು ಊದದೆ ದುಡ್ಡು ಕೊಟ್ಟ ಉದಾಹರಣೆ ನಮ್ಮ ಅಂಗಡಿಯಲ್ಲಿಲ್ಲ. ಇವತ್ತು ಬಂದ ಮಹಾಶಯರು ಊದಿದ್ದಲ್ಲದೆ ಅದರ ತಲೆಗೆ ಎರಡು ಮೊಟಕಿದರು. ಆಮೇಲೆ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿದು, ಸ್ಪೀಕರಿನ ಎದುರಿಗೇ ನಿಂತು ‘ಹಲೋ’ ಎಂದರು. ಕುಂಯ್ ಎಂದು ಅರಚಿತು. “ಮೈಕ್ ಸರಿಯಿಲ್ಲ ಕಣ್ರೀ.” ಅದು ಶೂರ್ ಎಸ್‌ಎಂ58. 1966ರಿಂದ ಲೋಕದ ವೇದಿಕೆಗಳ ಮೇಲೆ ಬಿದ್ದು ಎದ್ದು ಬಂದ ಪ್ರಾಣಿ. ಜಾಲರಿಯನ್ನು ಅಂಗೈಯಿಂದ ಮುಚ್ಚಿದರೆ ಅದು ಎದುರಿನ ದನಿಗಷ್ಟೇ ಕಿವಿಗೊಡುವ ಗುಣ ಬಿಟ್ಟು ಸುತ್ತಲಿನದನ್ನೆಲ್ಲ ಕೇಳತೊಡಗುತ್ತದೆ, ಸ್ಪೀಕರಿನದನ್ನೂ. ಅರಚದೆ ಏನು ಮಾಡೀತು? ಇದನ್ನು ಹೇಳಲು ಬಾಯಿ ತೆರೆದೆ. ಮಾಲೀಕರು ಕಣ್ಣಲ್ಲೇ ಗದರಿದರು. “ಬೇರೆ ತೋರಿಸ್ತೀನಿ ಸಾರ್” ಎಂದೆ.

ಹಗಲೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಹತ್ತಿರ ಕೌಂಟರಿನ ಹಿಂದೆ; ಸಂಜೆ, ಸಂಗೀತ ಕಚೇರಿ ಸಿಕ್ಕರೆ ಮೃದಂಗದ ಹಿಂದೆ, ಸಿಗದಿದ್ದರೆ ಮೈಕುಗಳ ದನಿ ಹದಮಾಡುವ ಮಿಕ್ಸರಿನ ಹಿಂದೆ. ಮುಂದೆ ಬರುವ ಯೋಗ ಜಾತಕದಲ್ಲಿಲ್ಲ. ಈ ಮೂರೂ ಕಡೆ ಕೂತವನ ಪಾಡನ್ನು ಹೇಳಲೆಂದೇ ಬರೆಯಲು ಕೂತೆ. ಮೊದಲು ಎಕೋ, ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಯಂತ್ರದ ವಿಚಾರ.

ಮಾಗಡಿ ಕಡೆಯ ಒಂದು ದೇವಸ್ಥಾನದ ಸಮಿತಿ ಟೆಂಪೋ ಮಾಡಿಕೊಂಡು ಬಂದಿತ್ತು. ಅಧ್ಯಕ್ಷರು, ಖಜಾಂಚಿ, ಅರ್ಚಕರು, ಮೊಬೈಲಿನಲ್ಲಿ ರೇಟು ನೋಡಲೊಬ್ಬ ಹುಡುಗ, ಸುಮ್ಮನೆ ಬಂದ ಇನ್ನಿಬ್ಬರು. ಬೇಡಿಕೆ ಒಂದೇ: “ಎಕೋ ಇದ್ಯಾ ಸಾರ್?” ದೇವಸ್ಥಾನ ಎಂಥದ್ದೆಂದು ವಿಚಾರಿಸಿದೆ. ಪೂರಾ ಕಲ್ಲಿನದು, ದೊಡ್ಡ ಪ್ರಾಕಾರ. ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, 17 ಮೀಟರ್ ಆಚೆ ಒಂದು ಗೋಡೆಯಿದ್ದರೂ ಕೂಗಿದ್ದು ಬೇರೆಯಾಗಿ ವಾಪಸು ಕೇಳುತ್ತದೆ, ಗೋಡೆಗಳು ಬಿಟ್ಟಿ ಕೊಡುವುದನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತೀರಿ ಎಂದೆಲ್ಲ ವಿವರಿಸಿದೆ. ಶ್ರದ್ಧೆಯಿಂದ ಕೇಳಿದರು. “ಅದೆಲ್ಲ ಸರಿ. ಎಕೋ ಇದ್ಯಾ?”

ಇತ್ತು. ಗುಂಡಿ ತಿರುಗಿಸಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು; ಆ ಕೆಮ್ಮೇ ಮೂರು ಸಲ ಕೇಳಿತು. ಮುಖ ಅರಳಿತು. “ಮಹಾಜನಗಳೇ” ಎಂದರು. ಜನಗಳೇ, ನಗಳೇ, ಗಳೇ. ಹುಡುಗ ಮೊಬೈಲನ್ನು ಜೇಬಿಗಿಳಿಸಿದ. ಅರ್ಚಕರದೊಬ್ಬರದೇ ತಕರಾರು. ಒಂದು ಶ್ಲೋಕ ಹೇಳಿ ನೋಡಿದರು. ಎರಡನೆಯ ಸಾಲು ಹೊರಡುವಾಗ ಮೊದಲನೆಯದು ಇನ್ನೂ ಮನೆಗೆ ಹೋಗಿರಲಿಲ್ಲ. “ಮಂತ್ರ ಕಲಸಿಹೋಗುತ್ತೆ ಕಣ್ರಪ್ಪಾ.” ಮನಸ್ಸಿನಲ್ಲೇ ಅವರಿಗೆ ಸಾಷ್ಟಾಂಗ ಹಾಕಿದೆ. ಅಧ್ಯಕ್ಷರು ತೀರ್ಪು ಕೊಟ್ಟರು: “ದೇವ್ರಿಗೆ ಹೆಂಗಂದ್ರೂ ಅರ್ಥ ಆಯ್ತದೆ ಬುಡಿ ಸ್ವಾಮಿ. ಎಕೋ ಬೇಕಾಗಿರದು ಜನಕ್ಕೆ.” ಆಮೇಲೆ ಖಜಾಂಚಿ ಚೌಕಾಸಿಗಿಳಿದರು. ಸ್ಟ್ಯಾಂಡು ಫ್ರೀ ಕೊಡಿ, ಎರಡು ವೈರಾದ್ರೂ ಸೇರಿಸಿ. ಸುಮ್ಮನೆ ಬಂದಿದ್ದ ಇಬ್ಬರ ಕೆಲಸ ಆಗ ತಿಳಿಯಿತು: ಒಬ್ಬ ಸಿಟ್ಟಿನಿಂದ ಬಾಗಿಲವರೆಗೆ ನಡೆಯುವುದು, ಇನ್ನೊಬ್ಬ ಸಮಾಧಾನ ಮಾಡಿ ಕರೆತರುವುದು.

ಹೊರಡುವಾಗ ಅಧ್ಯಕ್ಷರು, ಮೃದಂಗ ಬಾರಿಸೋರಂತೆ, ಉತ್ಸವಕ್ಕೆ ನೀವೇ ಬನ್ನಿ ಎಂದರು. ಹೋದೆ. ಮಿಕ್ಸರಿನ ಮುಂದೆ ಅದೇ ಹುಡುಗ. ಎಕೋ ತಗ್ಗಿಸಪ್ಪ ಎಂದರೆ, “ಅದನ್ನ ಮುಟ್ಟಬ್ಯಾಡ ಅಂದವ್ರೆ ಅಧ್ಯಕ್ಷರು.” ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ತನಿ ಆವರ್ತನದ ಕೊನೆಗೆ ಮುಕ್ತಾಯವನ್ನು ಶಾಸ್ತ್ರೋಕ್ತವಾಗಿ ಮೂರು ಸಲ ನುಡಿಸಿ ಕೈಯೆತ್ತಿದೆ. ಯಂತ್ರಕ್ಕೆ ತೃಪ್ತಿಯಾಗಲಿಲ್ಲ. ಇನ್ನೂ ಮೂರು ಪೆಟ್ಟು ತಾನೇ ಕೊಟ್ಟು ಮುಗಿಸಿತು. ಗಾಯಕರು ಹಾಡನ್ನು ಮತ್ತೆ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತರು. ರಾತ್ರಿ ಹತ್ತಾದ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ಶಬ್ದಮಾಲಿನ್ಯ ನಿಯಮ ನಮ್ಮನ್ನು ಕಾಪಾಡಿತು. ಸರ್ಕಾರದ ಕಾನೂನುಗಳಲ್ಲಿ ನನಗೆ ಅದರಷ್ಟು ಪ್ರಿಯವಾದದ್ದು ಬೇರಿಲ್ಲ. “ಇದನ್ನ ಇವರ ತಲೆಗೆ ಕಟ್ಟಿದ ತಿಳಿಗೇಡಿ ಯಾರು?” ಎಂದು ಗಾಯಕರು ಊಟದೆಲೆಯ ಮುಂದೆ ಕೇಳಿದರು. ಈಗ ಅಂಗಡಿಗಳಲ್ಲಿ ಅಂಥವರೇ ತುಂಬಿಕೊಂಡಿದ್ದಾರೆ ಎಂದು ಹೇಳಿ ಪಾಯಸ ಹಾಕಿಸಿಕೊಂಡೆ.

ಎಕೋದವರನ್ನಾದರೂ ಸಹಿಸಬಹುದು, ಬಿಲ್ಲಾದರೂ ಮಾಡಿಸುತ್ತಾರೆ. ಆನ್‌ಲೈನಿನಲ್ಲಿ ಕಂಡೆನ್ಸರ್ ಮೈಕ್ ತರಿಸಿಕೊಂಡು, ಸತ್ತುಹೋಗಿದೆ ಎಂದು ನಮ್ಮಲ್ಲಿಗೆ ಹೊತ್ತು ತರುವವರನ್ನು ಏನು ಮಾಡಬೇಕು? ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಮೈಕಿನ ವೈರಿನಲ್ಲೇ ಹರಿದುಬರುವ ಕರೆಂಟು ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅವರ ಇಂಟರ್‌ಫೇಸಿನಲ್ಲೇ ಅದರ ಗುಂಡಿ ಇರುತ್ತದೆ, ಪಕ್ಕದಲ್ಲೇ 48 ಎಂದು ಬರೆದೂ ಇರುತ್ತದೆ. ಮೊನ್ನೆ ಅಂಥವರೊಬ್ಬರಿಗೆ ಗುಂಡಿ ಒತ್ತಿ ಕೊಟ್ಟೆ. ಮೈಕ್ ಬದುಕಿತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಪರವಾಗಿಲ್ವೇ, ಆಸಕ್ತಿ ಇದೆ ನಿಮಗೆ. ಈ ಸೌಂಡ್ ಬಗ್ಗೆ ಎಲ್ಲಾದರೂ ಒಂದು ಕೋರ್ಸ್ ಮಾಡ್ಕೋಬೋದಲ್ಲ?” ಎಂದರು.