ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಿನ್ನೆ ಸಂಜೆ ಬಂದ ಪಾರ್ಸೆಲ್ ಇನ್ನೂ ನನ್ನ ಹೊಟ್ಟೆ ಉರಿಸುತ್ತಿದೆ. ಅಷ್ಟೊಂದು ಟೇಪು ಯಾಕೆ ಸುತ್ತುತ್ತಾರೋ! ಕೈಯಲ್ಲಿ ಬಿಚ್ಚಲು ಆಗಲಿಲ್ಲ. ಮಗಳ ಇಂಗ್ಲಿಷಿಗೂ ಅಭ್ಯಾಸ ಆಗಲಿ ಅಂತ ಸುಮ್ನೆ ದೊಡ್ಡಸ್ತಿಕೆ ಮಾಡಿ ಕೂಗಿದೆ: "ವೇರ್ ಈಸ್ ದಿ ಸಿಸರ್ಸ್?"

"ವೇರ್ ಆರ್," ಅಂತ ಒಳಗಿನಿಂದ ಉತ್ತರ ಬಂತು. ಕತ್ತರಿ ಬರಲಿಲ್ಲ.

ಎಂಟನೇ ಕ್ಲಾಸಿನ ಈ ಹುಡುಗಿಗೆ ಅದೊಂದು ಚಟ. ತಪ್ಪು ಕಿವಿಗೆ ಬಿದ್ದರೆ ಸಾಕು, ಪೆನ್ನು ಹಿಡಿದುಕೊಂಡೇ ಎದ್ದು ಬರುತ್ತಾಳೆ.

"ಮನೇಲಿರೋದು ಒಂದೇ ಕತ್ತರಿ ಕಣೇ."

"ಅದಕ್ಕೆ ಎರಡು ಅಲಗು ಇದೆಯಲ್ಲಪ್ಪ. ಈಸ್ ಬೇಕೇ ಬೇಕು ಅಂದ್ರೆ, ಎ ಪೇರ್ ಆಫ್ ಸಿಸರ್ಸ್ ಅನ್ನು."

ಪೇರ್ ಅಂದರೆ ಜೊತೆ. ಜೊತೆ ಅಂದರೆ ಎರಡು. ಒಂದನ್ನು ಒಂದು ಅಂದರೆ ತಪ್ಪಂತೆ, ಎರಡು ಅಂದ ಕೂಡಲೇ ಅದು ಒಂದಾಗುತ್ತದಂತೆ! ಕನ್ನಡಕಕ್ಕೂ ಪ್ಯಾಂಟಿಗೂ ಇದೇ ಗತಿ.

"ಸರಿ ತಾಯಿ, ಎಸ್ ಇದ್ದರೆ ಆರ್. ಹಾಗಾದ್ರೆ ನ್ಯೂಸ್ ಆರ್..."

"ನ್ಯೂಸ್ ಈಸ್!"

"ಅದಕ್ಕೂ ಎಸ್ ಇದೆಯಲ್ಲೇ?"

"ಇದೆ. ಆದ್ರೆ ಲೆಕ್ಕಕ್ಕಿಲ್ಲ."

ಲೆಕ್ಕ ಅಂದಾಗ ಮ್ಯಾಥಮ್ಯಾಟಿಕ್ಸ್ ನೆನಪಾಯಿತು. ಅದೂ ಈಸ್. ಅಮೆರಿಕದವರು ಮ್ಯಾಥ್ ಅಂತ ಎಸ್ ಕಿತ್ತೇ ಹಾಕಿ ಹಾಯಾಗಿದ್ದಾರೆ. ಬ್ರಿಟಿಷರು ಮ್ಯಾಥ್ಸ್ ಅಂತ ಉಳಿಸಿಕೊಂಡು, ಮುಂದೆ ಈಸ್ ಹಾಕುತ್ತಾರೆ. ಮೈತುಂಬ ಗುಳ್ಳೆ ಎದ್ದರೂ ಮೀಸಲ್ಸ್ ಈಸ್. ಎಸ್‌ನ ಸುಳಿವೇ ಇಲ್ಲದ ಪೀಪಲ್ ಮಾತ್ರ ಆರ್!

ಪಾಪ, ಇಂಗ್ಲಿಷರೇ ಎಡವಿದ್ದಾರೆ ಬಿಡಿ. ನ್ಯೂಸ್‌ಗೆ ಅವರೇ ಹಿಂದೆ ಆರ್ ಹಾಕುತ್ತಿದ್ದರು. ಬಟಾಣಿಗೆ ಮೊದಲಿದ್ದ ಹೆಸರು ಪೀಸ್, ಅದು ಏಕವಚನವೇ. ಕೊನೆಯ ಸದ್ದು ಕೇಳಿ ಬಹುವಚನ ಅಂದುಕೊಂಡು, 17ನೇ ಶತಮಾನದ ಹೊತ್ತಿಗೆ ಬಾಲ ಕತ್ತರಿಸಿ ಪೀ ಮಾಡಿಕೊಂಡರು. ಅವರಿಗಾದರೂ ಕತ್ತರಿ ಸಿಕ್ಕಿತ್ತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ನಿಯಮ. ಎಸ್ ಕಂಡರೆ ಆರ್ ಹಾಕು. ಅವರಿಗೆ ಉಳಿದದ್ದು ಗೊತ್ತಿರಲಿಲ್ಲ ಅಂತ ನನಗನ್ನಿಸುವುದಿಲ್ಲ. ಮಕ್ಕಳ ತಲೆ ಯಾಕೆ ತಿನ್ನೋದು ಅಂತ ಬಿಟ್ಟಿರಬೇಕು. ಪರೀಕ್ಷೆಯಲ್ಲಿ ಎಷ್ಟು ಧೈರ್ಯವಾಗಿ ಆರ್ ಬರೆಯುತ್ತಿದ್ದೆವು! ಆ ಧೈರ್ಯ ಈಗ ಒಂದು ಮೇಲ್ ಬರೆಯುವಾಗಲೂ ಇಲ್ಲ.

ಅಷ್ಟರಲ್ಲಿ ಹೆಂಡತಿ ಬಂದು ಪಾರ್ಸೆಲ್ ಕಿತ್ತುಕೊಂಡು, ಟೇಪು ಕಚ್ಚಿ ಪರ್ ಅಂತ ಹರಿದಳು. "ಕತ್ತರಿ ಯಾಕ್ರೀ? ಹಲ್ಲಿದೆಯಲ್ಲ!"

ಅಷ್ಟೂ ಹಲ್ಲಿಗೆ ಒಂದೇ 'ಇದೆ'. ಆಗ ಹೊಳೆಯಿತು, ಎರಡು ಅಲಗು 'ಇದೆ' ಅಂದವಳು ಇವಳ ಮಗಳೇ ಅಲ್ವಾ? 'ಇವೆ' ಅನ್ನಬೇಕಿತ್ತು. ಪೆನ್ನು ಕೊಡೇ ಅಂತ ಕೈ ಚಾಚಿದೆ.

ಕೊಡಲಿಲ್ಲ.