ನನ್ನ ಕಾಲ್ಗುಣ ಮತ್ತು 44 ಸೋಲು

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡ ಸತತ 44 ಪಂದ್ಯ ಸೋತದ್ದಕ್ಕೆ ನನ್ನ ಕಾಲ್ಗುಣವೇ ಕಾರಣ ಅಂತ ನನ್ನ ಆಗಿನ ರೂಮ್‌ಮೇಟ್, ಹುಬ್ಬಳ್ಳಿಯವನು, ಇವತ್ತಿಗೂ ಸಾಧಿಸುತ್ತಾನೆ. ಲೆಕ್ಕ ಬಲ್ಲವರು ನಂಬಬಾರದು. ನಾನು ಅಲ್ಲಿ ವಿಮಾನ ಇಳಿದದ್ದು 1985ರ ಆಗಸ್ಟ್‌ನಲ್ಲಿ. ಅಷ್ಟರೊಳಗೆ ಅವರು 11 ಪಂದ್ಯ ಸೋತು ಕೈ ಪಳಗಿಸಿಕೊಂಡಿದ್ದರು.

ಆದರೆ ನಾನು ಇಳಿದ ಮರುತಿಂಗಳು ನಡೆದದ್ದು ಅವನ ವಾದಕ್ಕೆ ಬಲ ಕೊಟ್ಟಿತು. ಹೊಸ ಕೋಚ್ ಜಿಮ್ ಗ್ಯಾರೆಟ್, ಸೀಸನ್ನಿನ ಮೊದಲ ಪಂದ್ಯ, ಎದುರಿಗೆ ಹಾರ್ವರ್ಡ್. ನಮ್ಮವರು 17-0 ಮುಂದಿದ್ದರು. ಮುಗಿಯುವ ಹೊತ್ತಿಗೆ ಹಾರ್ವರ್ಡ್ 49, ನಮ್ಮದು ಅದೇ 17! ಸಿಟ್ಟಿಗೆದ್ದ ಕೋಚ್ ಪತ್ರಕರ್ತರ ಮುಂದೆಯೇ ಹುಡುಗರನ್ನು ಸೋಲಿನ ಚಟಕ್ಕೆ ಬಿದ್ದವರು ಎಂಬರ್ಥದಲ್ಲಿ ಜಾಡಿಸಿದರು. ಚಟ ಬಿಡಲಿಲ್ಲ. ಹತ್ತಕ್ಕೆ ಹತ್ತೂ ಸೋತು ಸೀಸನ್ ಮುಗಿದ ಮೇಲೆ ಬಿಟ್ಟದ್ದು ಕೋಚ್, ಕೆಲಸವನ್ನು.

ಇಷ್ಟಾದರೂ ಶನಿವಾರ ಬಂತೆಂದರೆ ಒಂದನೇ ನಂಬರ್ ಟ್ರೈನ್ ಹತ್ತಿ ಮ್ಯಾನ್‌ಹಟನ್ನಿನ ಉತ್ತರದ ತುದಿಯ ಸ್ಟೇಡಿಯಮ್ಮಿಗೆ ಹೋಗುತ್ತಿದ್ದೆವು. ಹುಬ್ಬಳ್ಳಿಯವನಿಗೆ ಆಟ ತಲೆಗೆ ಹತ್ತಿದ್ದೇ ಇಲ್ಲ. ಎರಡು ನಿಮಿಷಕ್ಕೊಮ್ಮೆ ಆಟಗಾರರು ತಲೆಗೆ ತಲೆ ಸೇರಿಸಿ ಗುಂಪಾಗಿ ನಿಲ್ಲುವುದು ಕಂಡು, "ಇದೇನಲೇ, ಆಡೂದು ಕಮ್ಮಿ, ಮಾತಾಡೂದ ಭಾಳ. ನಮ್ಮೂರ ಪಂಚಾಯ್ತಿ ಮೀಟಿಂಗ್ ಆದಂಗ ಐತಿ" ಅನ್ನುತ್ತಿದ್ದ. ಮೀಟಿಂಗ್ ಮುಗಿದ ಕೂಡಲೇ ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಆಮೇಲೆ ಚೆಂಡು ಎದುರಾಳಿಯ ಕೈಯಲ್ಲಿರುತ್ತಿತ್ತು.

ನನಗೆ ಮಾತ್ರ ಅಲ್ಲಿ ಬಹಳ ಹಿತವಾಗಿತ್ತು. ಗೆಲ್ಲುವ ತಂಡವನ್ನು ನೋಡುವುದೆಂದರೆ ಎದೆಬಡಿತ. ನಮಗೆ ಆ ತೊಂದರೆಯೇ ಇಲ್ಲ. ಪುಳಿಯೋಗರೆ ಡಬ್ಬಿ ಬಿಚ್ಚಿಕೊಂಡು ನೆಮ್ಮದಿಯಾಗಿ ಕೂರಬಹುದಿತ್ತು. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ಕೂರುತ್ತಿದ್ದ ಹಿರಿಯರೊಬ್ಬರು 1934ರ ರೋಸ್ ಬೌಲ್ ಎಂಬ ಹೆಸರಾಂತ ಕಾಲೇಜು ಪಂದ್ಯದಲ್ಲಿ ಇದೇ ಕೊಲಂಬಿಯಾ ಸ್ಟ್ಯಾನ್‌ಫರ್ಡನ್ನು 7-0 ಹೊಡೆದದ್ದನ್ನು ಪ್ರತಿ ವಾರವೂ ಹೊಸ ಸುದ್ದಿಯಂತೆ ಹೇಳುತ್ತಿದ್ದರು. ನಾವೂ ಹೊಸದಾಗಿ ಕೇಳಿಸಿಕೊಳ್ಳುತ್ತಿದ್ದೆವು. ಮೈದಾನದಲ್ಲಿ ಕೇಳುವಂಥದ್ದೇನೂ ನಡೆಯುತ್ತಿರಲಿಲ್ಲವಲ್ಲ. ಮುಂದೆ ಆರ್‌ಸಿಬಿ ಹುಟ್ಟಿ ಎಲ್ಲರೂ ಟಿವಿ ಮುಂದೆ ತಲೆ ಚಚ್ಚಿಕೊಳ್ಳುವಾಗ ನಾನು ಕಾಫಿ ಕುಡಿಯುತ್ತಿದ್ದೆನೆಂದರೆ ಅದು ಈ ತರಬೇತಿಯ ಫಲ.

1987ರ ಅಕ್ಟೋಬರ್‌ನಲ್ಲಿ ಪ್ರಿನ್ಸ್‌ಟನ್ ಎದುರು 38-8ರಲ್ಲಿ 35ನೆಯ ಸೋಲಾಯಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರ ಸತತ 34 ಸೋಲಿನ ದಾಖಲೆ ಮುರಿಯಿತು. ಅಂತೂ ಒಂದರಲ್ಲಾದರೂ ಮೊದಲು! ತಮಾಷೆಯೆಂದರೆ, ಅಪ್ಪನ ಹಿಂದೆ ಕೊಲಂಬಿಯಾಕ್ಕೆ ಬಂದಿದ್ದ ಕೋಚ್ ಗ್ಯಾರೆಟ್ಟರ ಮೂವರು ಮಕ್ಕಳು ಅಷ್ಟರಲ್ಲಿ ಪ್ರಿನ್ಸ್‌ಟನ್ ಸೇರಿಕೊಂಡಿದ್ದರು.

1988ರ ಅಕ್ಟೋಬರ್ 8, ಶನಿವಾರ. ಮತ್ತೆ ಪ್ರಿನ್ಸ್‌ಟನ್. ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ಆಟ ನಡೆಸುವವನು, ಆ ಮೂವರು ಮಕ್ಕಳಲ್ಲೊಬ್ಬನಾದ ಜೇಸನ್ ಗ್ಯಾರೆಟ್, ಮುಂದೆ ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ತಂಡಕ್ಕೆ ಕೋಚ್ ಆದವನು. ಬೆಳಿಗ್ಗೆ ಹುಬ್ಬಳ್ಳಿಯವನು, "ಇವತ್ತ ಬ್ಯಾಡಲೇ, ಫ್ಲಶಿಂಗ್ ಗಣಪತಿ ಗುಡಿಗೆ ಹೋಗೂಣು. ನನ್ನ ಥೀಸಿಸ್ ಮುಂದಕ್ಕ ಹೊಂಟಿಲ್ಲ" ಅಂದ. ಹೋದೆವು. ಅವನು ಕಣ್ಮುಚ್ಚಿ ಬಹಳ ಹೊತ್ತು ಬೇಡಿಕೊಂಡ. ಸಂಜೆ ವಾಪಸ್ ಬಂದರೆ ಬೀದಿ ತುಂಬ ಕೂಗಾಟ. ಕೊಲಂಬಿಯಾ 16-13ರಲ್ಲಿ ಗೆದ್ದಿತ್ತು! ಹುಡುಗರು ಗೋಲ್‌ಪೋಸ್ಟನ್ನೇ ಕಿತ್ತುಹಾಕಿದ್ದರಂತೆ.

ಹುಬ್ಬಳ್ಳಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಈಗರ ಒಪ್ಪಿಕೋತೀಯಿಲ್ಲೊ? ನೀ ಹೋಗಲಿಲ್ಲ, ಅವರು ಗೆದ್ರು."

ಮುಂದಿನ ಶನಿವಾರ ಅವನು ನನ್ನನ್ನು ರೂಮಿನಿಂದ ಹೊರಗೆ ಕಾಲಿಡಲು ಬಿಡಲಿಲ್ಲ. ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಂಡು ರೇಡಿಯೋ ಮುಂದೆ ಕೂತ. ಎದುರಾಳಿ ಯೇಲ್. ಕೊಲಂಬಿಯಾ ಸೋತಿತು. ಸ್ವಲ್ಪ ಹೊತ್ತು ಸುಮ್ಮನಿದ್ದವನು ನನ್ನ ಕಡೆ ತಿರುಗಿ ಕೇಳಿದ: "ನಡುವ ಬಾಲ್ಕನಿಗೆ ಹೋಗಿದ್ದಿ ಹೌದಲ್ಲೊ?"