ರಾತ್ರಿ ಪಾಳಿಯವನ ಹಗಲು ನಿದ್ದೆ

ಪುಣೆಯ ಕಾಸಾರವಾಡಿಯ ಚಾಳಿನಲ್ಲಿ ನಮ್ಮ ಖೋಲಿಯ ಎದುರಿಗೆ ಒಬ್ಬ ಆಜಿ ಇದ್ದರು. ನಾನು ಮೂರನೇ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಎಂಟಕ್ಕೆ ಮಲಗುವ ಹೊತ್ತಿಗೆ ಅವರು ಹೊಸ್ತಿಲ ಹತ್ತಿರ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿರುತ್ತಿದ್ದರು. ಹುಡುಗರು ಚೆಂಡು ಹಿಡಿದುಕೊಂಡು ಬಂದರೆ, ‘ರಾತ್ರಪಾಳಿ ಆಹೇ ತ್ಯಾಲಾ, ಝೋಪೂ ದ್ಯಾ’ ಎಂದು ಮೆಲುದನಿಯಲ್ಲೇ ಗದರಿಸುತ್ತಿದ್ದರು. ಅವನಿಗೆ ರಾತ್ರಿ ಪಾಳಿ, ಮಲಗಲಿ ಬಿಡಿ ಅಂತ. ನಾನು ಎದ್ದು ಬಾಗಿಲು ತೆಗೆಯುವವರೆಗೂ ಅವರ ಕುಕ್ಕರ್ ಒಲೆ ಏರುತ್ತಿರಲಿಲ್ಲ. ಅವರ ಯಜಮಾನರು ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿದವರು. 1982ರ ಮುಷ್ಕರದಲ್ಲಿ ಕೆಲಸ ಹೋಗಿ ಇಲ್ಲಿಗೆ ಬಂದಿದ್ದರು. ಹಗಲು ಮಲಗುವ ಗಂಡನನ್ನು ಇಪ್ಪತ್ತು ವರ್ಷ ಕಾದ ಹೆಂಗಸಿಗೆ ನನ್ನ ನಿದ್ದೆಯ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ರಾಣೆಬೆನ್ನೂರು ಕಡೆಯವನು. ಐಟಿಐ ಮುಗಿಸಿ 1996ರಲ್ಲಿ ಪುಣೆಗೆ ಬಂದೆ. ಭೋಸರಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ, ಲೋಹ ಕಡೆಯುವ ಲೇತ್ ಯಂತ್ರ ನಡೆಸುವ ಟರ್ನರ್ ಆದೆ. ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ನನ್ನ ಮೈ ಇನ್ನೂ ಮೂರನೇ ಪಾಳಿಯಲ್ಲೇ ಇತ್ತು. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಬಿದ್ದಿದ್ದು, ಬೆಳಗಾದ ಮೇಲೆ ಹಿತ್ತಲ ಕೋಣೆಯಲ್ಲಿ ಮಲಗಿದೆ. ಹತ್ತು ಗಂಟೆಗೆ ಅವ್ವ ಬಂದು ಹೊದಿಕೆ ಎಳೆದಳು. ‘ಹೊತ್ತು ನೆತ್ತಿಗೆ ಬಂತು, ಇನ್ನೂ ಮಲಗೀಯಲ್ಲೋ, ಮೈಯಾಗ ಆರಾಮ ಐತಿಲ್ಲೋ?’ ಅವಳ ದನಿಯಲ್ಲಿ ಇದ್ದದ್ದು ಕಾಳಜಿಯೇ. ನಮ್ಮ ಕಡೆ ಹಗಲು ಮಲಗುವವನು ಒಂದೋ ಜಡ್ಡಿನವನು, ಇಲ್ಲಾ ಮೈಗಳ್ಳ. ಮೂರನೆಯವನೂ ಒಬ್ಬ ಇದ್ದಾನೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಮುಸ್ಸಂಜೆ ಮಲಗಿದರಂತೂ ಲಕ್ಷ್ಮಿ ಮನೆಗೆ ಬರುವುದಿಲ್ಲ ಎಂದು ಎಬ್ಬಿಸಿಯೇ ಬಿಡುತ್ತಿದ್ದಳು.

ಪುಣೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಒಂದು ಮರ್ಯಾದೆ ಇದೆ. ಹಳೆಯ ಪೇಠೆಗಳಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿ ಮುಚ್ಚುವ ರೂಢಿ ಎಲ್ಲರಿಗೂ ಗೊತ್ತು. ಆ ಹೊತ್ತಿನಲ್ಲಿ ಯಾರ ಮನೆಯ ಬೆಲ್ಲನ್ನೂ ಒತ್ತಬಾರದು ಎಂದು ನನ್ನ ಹೆಂಡತಿ ಇಲ್ಲಿಗೆ ಬಂದ ಮೊದಲ ತಿಂಗಳಲ್ಲೇ ಕಲಿತಳು. ಇದನ್ನು ಪುಣೆಯವರ ಗತ್ತು ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ನನಗೆ ಹಾಗೆ ಅನಿಸಿಲ್ಲ. ಆದರೆ ಇದೂ ನಿಜ, ಶಟರ್ ಎಳೆದು ಮಲಗುವ ಭಾಗ್ಯ ಅಂಗಡಿ ಯಜಮಾನನಿಗೆ ಇದೆ, ಅವನ ಅಂಗಡಿ ಮುಂದೆ ಪಾರ್ಸೆಲ್ ಹಿಡಿದು ನಿಂತ ಹುಡುಗನಿಗೆ ಇಲ್ಲ.

ಮೈಗೆ ಏನಾಗುತ್ತದೆ ಅನ್ನುವುದು ನನಗೆ ನಿಧಾನವಾಗಿ ತಿಳಿಯಿತು. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಮೆದುಳಿನಲ್ಲಿ ಒಂದು ಪುಟ್ಟ ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹೊತ್ತು ಸರಿ ಮಾಡಿಕೊಳ್ಳುತ್ತದೆ. ಕತ್ತಲಾದ ಮೇಲೆ ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ನಸುಕಿನ ನಾಲ್ಕು ಐದರ ಸುಮಾರಿಗೆ ಮೈಯ ಬಿಸಿ ತೀರಾ ಇಳಿಯುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಅವರ ವಿಷಯ ಓದಿದಾಗ ನನಗೆ ನೆನಪಾದದ್ದು ನಸುಕಿನ ನಾಲ್ಕು ಗಂಟೆಯ ನನ್ನ ಲೇತ್. ಆ ಹೊತ್ತಿಗೆ ಮೈಕ್ರೋಮೀಟರ್ ಹಿಡಿದರೆ ಗೆರೆಗಳು ಕಾಣುತ್ತವೆ, ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ. ಒಂದೇ ಪೀಸನ್ನು ಮೂರು ಸಲ ಅಳೆದು ಮೂರು ಬೇರೆ ಅಳತೆ ಬರೆದಿದ್ದೇನೆ. ಬೆಳಗಿನ ಪಾಳಿಯಲ್ಲಿ ನಾನು ಹಾಗೆ ತಪ್ಪುವವನಲ್ಲ.

ಒಂದು ದಿನ ಮುಂದಿನ ಪಾಳಿಗೆ ನನ್ನ ಜಾಗಕ್ಕೆ ಬರಬೇಕಿದ್ದ ರಿಲೀವರ್ ಬರಲಿಲ್ಲ. ಮಧ್ಯಾಹ್ನ ಮೂರೂವರೆಗೆ ಒಳಗೆ ಹೋದವನು ಡಬಲ್ ಮಾಡಿ ಮರುದಿನ ಬೆಳಿಗ್ಗೆ ಏಳಕ್ಕೆ ಹೊರಗೆ ಬಂದೆ. ನಾಶಿಕ್ ಫಾಟಾ ಸಿಗ್ನಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಕಾಲು ಊರಿದ್ದು ನೆನಪಿದೆ. ಆಮೇಲೆ ನೆನಪಿರುವುದು ನನ್ನ ಕೆನ್ನೆಗೆ ಒತ್ತಿದ ಬಿಸಿ ಡಾಂಬರು. ಹಿಂದೆ ನಿಂತಿದ್ದ ಬಸ್ಸಿನ ಡ್ರೈವರ್ ಇಳಿದು ಬಂದು ನನ್ನನ್ನು ಎತ್ತಿ, ‘ರಾತ್ರಪಾಳಿ ಕಾ?’ ಎಂದು ಅದೊಂದೇ ಮಾತು ಕೇಳಿದರು. ಸಿಗ್ನಲ್ ಹಸಿರಾಗಿ ಗಾಡಿಗಳು ಚಲಿಸುವಾಗ ನಾನು ಬಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಹದಿನೇಳು ಗಂಟೆ ಎಚ್ಚರ ಇದ್ದವನ ಕೈಕಾಲು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನಷ್ಟೇ ನಿಧಾನ ಎಂದು ಆಸ್ಟ್ರೇಲಿಯಾದ ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಕುಡಿದು ಗಾಡಿ ಓಡಿಸುವವನಿಗೆ ಕಾನೂನು ಹಾಕಿದ ಮಿತಿ 30 ಮಿಲಿಗ್ರಾಂ. ಆ ದಿನ ನಾನು ಎದ್ದು ಇಪ್ಪತ್ತೆರಡು ಗಂಟೆ ಆಗಿತ್ತು. ಕುಡಿದವನನ್ನು ಪೊಲೀಸರು ಹಿಡಿಯುತ್ತಾರೆ. ನನ್ನನ್ನು ಗೇಟಿನ ವಾಚ್‌ಮನ್ ಸಲಾಮು ಹೊಡೆದು ಕಳಿಸಿದ್ದರು.

ನಲವತ್ತೊಂದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಏನು ತಿನ್ನುತ್ತೀರಿ ಎನ್ನುವುದಕ್ಕಿಂತ ಮೊದಲು ಯಾವಾಗ ತಿನ್ನುತ್ತೀರಿ ಎಂದು ಕೇಳಿದರು. ರಾತ್ರಿ ಎರಡೂವರೆಗೆ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ಅನ್ನ, ಬಟಾಟೆ ಭಾಜಿ ಎಂದೆ. ಅದೇ ಅನ್ನ ಹಗಲು ತಿಂದರೆ ಮೈ ಬೇಗ ಅರಗಿಸುತ್ತದೆ, ನಡುರಾತ್ರಿ ತಿಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಏರಿ ಜಾಸ್ತಿ ಹೊತ್ತು ನಿಲ್ಲುತ್ತದೆ ಎಂದರು. ನಮ್ಮ ಪಾಳಿಯಲ್ಲಿ ಇದ್ದವರಿಗೆಲ್ಲ ಒಂದಲ್ಲ ಒಂದು ತೊಂದರೆ. ಒಬ್ಬನಿಗೆ ಎದೆ ಉರಿ, ಇನ್ನೊಬ್ಬನಿಗೆ ಬಿಪಿ. ಅಂದಿನಿಂದ ನಾನು ಹನ್ನೆರಡಕ್ಕೆ ಮೊದಲೇ ಮನೆಯ ಡಬ್ಬಿ ಮುಗಿಸುತ್ತೇನೆ. ಎರಡಾದ ಮೇಲೆ ಚಹಾ ಇಲ್ಲ. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ. ಬಿಸಿಲು ಕಣ್ಣಿಗೆ ಹೊಡೆದರೆ ಮೈ ‘ಬೆಳಗಾಯಿತು, ಏಳು’ ಅನ್ನುತ್ತದಲ್ಲ, ಅದಕ್ಕೆ. ಇಷ್ಟು ಮಾಡಿದ್ದರಿಂದ ಗುಳಿಗೆ ಹೆಚ್ಚಿಲ್ಲ, ಆದರೆ ಬಂದ ಕಾಯಿಲೆ ಹೋಗಿಯೂ ಇಲ್ಲ.

ಒಂದು ಕೆಲಸ ಮಾತ್ರ ಯೂನಿಯನ್ ಮಾಡಿತು. ಅದನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ನಮ್ಮಲ್ಲಿ ಪಾಳಿ ಹಿಂದಕ್ಕೆ ಸುತ್ತುತ್ತಿತ್ತು. ಮೊದಲ ಪಾಳಿಯ ವಾರ ಆದಮೇಲೆ ಮೂರನೆಯದು, ಆಮೇಲೆ ಎರಡನೆಯದು. ಮೈಯ ಗಡಿಯಾರವನ್ನು ಮುಂದೆ ತಳ್ಳುವುದು ಸುಲಭ, ಹಿಂದೆ ಎಳೆಯುವುದು ಕಷ್ಟ. ಅದನ್ನು ಮೊದಲು, ಎರಡು, ಮೂರು ಎಂದು ಸರಿಯಾದ ದಿಕ್ಕಿಗೆ ಮಾಡಿಸಿದರು. ಕಂಪನಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ. ಪಾಳಿ ಬದಲಾಗುವ ವಾರದ ತಲೆನೋವು ನನಗೆ ಅರ್ಧಕ್ಕೆ ಅರ್ಧ ಕಡಿಮೆಯಾಯಿತು.

ಪಾಳಿ ಅನ್ನುವ ಮಾತು ಮರಾಠಿಗೂ ಕನ್ನಡಕ್ಕೂ ಒಂದೇ. ಮರಾಠಿಯಲ್ಲಿ ಹೆಂಗಸರ ತಿಂಗಳ ಮುಟ್ಟಿಗೂ ಪಾಳಿ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ನನ್ನ ತಂಗಿಯ ಮಗಳಿಗೆ ಎರಡು ವರ್ಷದಿಂದ ಮುಟ್ಟು ಏರುಪೇರು. ಒಂದು ಪಾಳಿ ಇನ್ನೊಂದನ್ನು ಕೆಡಿಸಿದೆ. ರಾತ್ರಿ ಕೆಲಸದ ಹೆಂಗಸರಲ್ಲಿ ಇದು ಜಾಸ್ತಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂಬ ಗುಂಪಿಗೆ ಸೇರಿಸಿದೆ. ಅವಳಿರುವ ಪಿಜಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೋಣೆ ಗುಡಿಸಲು ಬಾಗಿಲು ಬಡಿಯುತ್ತಾರೆ, ಹನ್ನೊಂದಕ್ಕೆ ನೀರಿನ ಕ್ಯಾನ್. ಮಧ್ಯೆ ಊರಿಂದ ಫೋನು. ನಗರದಲ್ಲಿ ಇಷ್ಟೊಂದು ಜನ ರಾತ್ರಿ ದುಡಿಯುತ್ತಾರೆ, ಅವರ ಹಗಲನ್ನು ಕಾಯುವ ಒಬ್ಬ ಆಜಿಯೂ ಅಲ್ಲಿಲ್ಲ ಅನ್ನುವುದು ನನಗೆ ಸಂಕಟ.

ಹಗಲು ಮಲಗುವವನ ನಿದ್ದೆ ಕಾಯುವ ಈ ಗುಣ ಪುಣೆ ಕಡೆಯವರಿಗೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ಗಿರಣಿಯ ಭೋಂಗಾ, ಅಂದರೆ ಪಾಳಿಯ ಸೈರನ್ನು, ಕೇಳಿ ಮೂರು ತಲೆಮಾರು ಬೆಳೆದ ನಾಡು ಇದು. ವಾರಕ್ಕೊಂದು ರಜೆಯೂ ಇಲ್ಲದಿದ್ದ ಕಾಲದಲ್ಲಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಒಟ್ಟುಗೂಡಿಸಿದರು. ಭಾನುವಾರ ಖಂಡೋಬಾನ ವಾರ, ಆ ದಿನ ರಜೆ ಬೇಕು ಎಂದು ಕೇಳಿದರು. ಆರು ವರ್ಷ ಹೋರಾಡಿದ ಮೇಲೆ, 1890ರ ಜೂನ್ 10ರಂದು, ಮಾಲೀಕರು ಒಪ್ಪಿದರು. ಜೇಜೂರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ. ನಮ್ಮ ತಾಲ್ಲೂಕಿನ ದೇವರಗುಡ್ಡದಲ್ಲೂ ಭಂಡಾರ ಹಾರುವುದು ಅವನಿಗೇ. ಇದು ಗೊತ್ತಾದ ದಿನ ನಾನು ಅಣ್ಣನಿಗೆ ಫೋನ್ ಮಾಡಿ, ನಮಗೆ ರಜೆ ಕೊಡಿಸಿದವನು ನಮ್ಮ ಮನೆದೇವರು ಕಣೋ ಎಂದಿದ್ದೆ.

ಈಗ ಎರಡೂ ರಾಜ್ಯಗಳು ಆ ಗಳಿಕೆಯಿಂದ ಹಿಂದೆ ಸರಿಯುತ್ತಿವೆ. ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಕರ್ನಾಟಕ 2023ರಲ್ಲಿ ಕಾಯ್ದೆ ತಿದ್ದಿತು. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟವೂ ಒಂಬತ್ತನ್ನು ಹನ್ನೆರಡು ಮಾಡಲು ಒಪ್ಪಿತು. ವಾರಕ್ಕೆ 48 ಗಂಟೆ ಎಂಬ ಮಿತಿ ಹಾಗೇ ಇದೆಯಲ್ಲ ಎನ್ನುತ್ತಾರೆ. ಆದರೆ ಮೂರು ತಿಂಗಳಿಗೆ 115 ಗಂಟೆ ಇದ್ದ ಓವರ್‌ಟೈಮನ್ನು 144ಕ್ಕೆ ಏರಿಸುವ ಮಾತೂ ಅದರಲ್ಲೇ ಇದೆ. ಹದಿಮೂರು ವಾರಕ್ಕೆ ಹಂಚಿ ನೋಡಿ, ವಾರಕ್ಕೆ 11 ಗಂಟೆ. 48ಕ್ಕೆ ಕೂಡಿಸಿದರೆ 59. ವಾರಕ್ಕೆ 55 ಗಂಟೆ ಇಲ್ಲವೇ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35 ಜಾಸ್ತಿ, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17 ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರಲ್ಲೇ ಹೇಳಿವೆ. 2016 ಒಂದೇ ವರ್ಷದಲ್ಲಿ ಹೀಗೆ ಸತ್ತವರು 7 ಲಕ್ಷ 45 ಸಾವಿರ.

ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕು ಎಂದೂ ಬರೆದಿದ್ದಾರೆ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಗಳಲ್ಲಿ ಆರಾರು ತಿಂಗಳಿಗೆ ಕಾಂಟ್ರಾಕ್ಟ್ ಮುಗಿಯುವ ಹುಡುಗರನ್ನು ನಾನು ನೋಡುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರೂ ಅವರಲ್ಲಿದ್ದಾರೆ. ಒಲ್ಲೆ ಎಂದು ಬರೆಯುವ ಪೆನ್ನು ಅವರಲ್ಲಿ ಯಾರ ಜೇಬಿನಲ್ಲಿದೆ?

ಊರಲ್ಲಿ ಅಣ್ಣನದೂ ಪಾಳಿಯೇ. ಗೋವಿನಜೋಳಕ್ಕೆ ನೀರು ಹಾಯಿಸಬೇಕು, ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಹೋಗಬೇಕು. ಬ್ಯಾಟರಿ ಹಿಡಿದು, ಹಾವಿಗೆ ಹೆದರಿಕೊಂಡು ಬದುವಿನ ಮೇಲೆ ನಿಂತು, ಬೆಳಿಗ್ಗೆ ಬಂದರೆ ದನದ ಕೆಲಸ, ಸೊಸೈಟಿ, ಸಂತೆ. ಅವನು ಹಗಲು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಈ ಸಲ ಬೇಸಿಗೆಯಲ್ಲಿ ಹೋದಾಗ ಅವನ ಬಿಪಿ ಮಾತ್ರೆಯ ಚೀಟಿ ಕಂಡಿತು. ಅಣ್ಣನ ಹೆಂಡತಿ, ನಮ್ಮ ವೈನಿಯನ್ನು ಕೂರಿಸಿಕೊಂಡು ಆಜಿಯ ಕತೆ ಹೇಳಿದೆ. ರಾತ್ರಿ ನೀರಿಗೆ ಹೋದ ಮರುದಿನ ಹನ್ನೆರಡರವರೆಗೆ ಯಾರು ಬಂದರೂ ಎಬ್ಬಿಸಬೇಡಿ, ಕಿಟಕಿಗೆ ಕಂಬಳಿ ಕಟ್ಟಿ ಎಂದೆ. ಬಂದವರು ಏನಂದುಕೊಂಡಾರು ಎಂದು ಅವರು ಸುಮ್ಮನಾದರು.

ಮೊನ್ನೆ ಬೆಳಿಗ್ಗೆ ಹತ್ತಕ್ಕೆ ಅಣ್ಣನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ವೈನಿ. ‘ನಿಮ್ಮಣ್ಣ ಮಲಗ್ಯಾರ, ಆಮ್ಯಾಲ ಮಾಡ್ರಿ’ ಎಂದು ಪಿಸುದನಿಯಲ್ಲಿ ಹೇಳಿ ಇಟ್ಟುಬಿಟ್ಟರು.